ಅಜ್ಜಂಪುರದಿಂದ ಸಮುದ್ರಕ್ಕೆ

ಬೀರಯ್ಯನಿಗೆ ರೈಲ್ವೆ ಪಾಸಿನ ಜಂಬ ಬಹಳ. ಮೂವತ್ತನಾಲ್ಕು ವರ್ಷ ಅಜ್ಜಂಪುರದ ಹಳಿಯ ಮೇಲೆ ಕೀಮನ್ ಆಗಿ ನಡೆದವನು ಅವನು. ಕೀಮನ್ ಎಂದರೆ ಕುರ್ಚಿ ಮೇಜಿನ ಕೆಲಸವಲ್ಲ. ಹೆಗಲ ಮೇಲೆ ಸುತ್ತಿಗೆ, ಸೊಂಟದಲ್ಲಿ ಕೆಂಪು ಹಸಿರು ಎರಡು ಬಾವುಟ. ಹಳಿಯನ್ನು ಹಿಡಿದಿಡುವ ಕ್ಲಿಪ್ಪುಗಳಲ್ಲಿ ಯಾವುದು ಸಡಿಲವಾಗಿದೆ, ಕಬ್ಬಿಣದಲ್ಲಿ ಎಲ್ಲಿ ಬಿರುಕು ಬಿಟ್ಟಿದೆ ಎಂದು ನೋಡಿಕೊಂಡು ದಿನವೂ ತನ್ನ ಪಾಲಿನ ಹಳಿಯುದ್ದಕ್ಕೂ ನಡೆಯಬೇಕು. ಒಮ್ಮೆ ಮಂಜು ಮುಸುಕಿದ ಬೆಳಿಗ್ಗೆ ಕೂದಲೆಳೆಯಷ್ಟು ಬಿರುಕನ್ನು ಕಂಡು, ಕೆಂಪು ಬಾವುಟ ಹಿಡಿದು ಓಡಿ, ಎಕ್ಸ್‌ಪ್ರೆಸ್ ಗಾಡಿಯನ್ನೇ ನಿಲ್ಲಿಸಿದ್ದ. ಅದಕ್ಕೆ ಇಲಾಖೆಯವರು ಕೊಟ್ಟ ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ನಡುಮನೆಯ ಗೋಡೆಯ ಮೇಲಿದೆ. ಮನೆಗೆ ಬಂದವರು ನೀರು ಕುಡಿಯುವ ಮೊದಲು ಅದನ್ನು ಓದಬೇಕು. ಓದು ಬಾರದವರಿಗೆ ಬೀರಯ್ಯನೇ ಓದಿ ಹೇಳುತ್ತಾನೆ.

ಆ ಕೆಲಸಕ್ಕೆ ಸಂಬಳದ ಜೊತೆ ಸಿಗುವ ಇನ್ನೊಂದು ವಸ್ತುವೇ ಪಾಸು. ಅದೊಂದಿದ್ದರೆ ಗಂಡ ಹೆಂಡತಿ ದೇಶದ ಯಾವ ಮೂಲೆಗೆ ಬೇಕಾದರೂ ರೈಲಿನಲ್ಲಿ ಪುಕ್ಕಟೆ ಹೋಗಿ ಬರಬಹುದು. ಬೀರಯ್ಯ ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ, ಒಂದು ಸಲವೂ ಬಳಸಲಿಲ್ಲ. ರಜೆ ಹಾಕಿದರೆ ತನ್ನ ಹಳಿಯನ್ನು ಬೇರೆ ಯಾರೋ ನೋಡಬೇಕಾಗುತ್ತದಲ್ಲ, ಆ ಸಂಕಟ ಅವನಿಗೆ.

ಅವನ ಹೆಂಡತಿ ತಿಮ್ಮಕ್ಕನಿಗೆ ಇದ್ದದ್ದು ಒಂದೇ ಆಸೆ, ಸಮುದ್ರ ನೋಡಬೇಕು. ಅವಳು ಹುಟ್ಟಿ ಬೆಳೆದದ್ದು ಒಂದು ಕೆರೆಯ ಏರಿಯ ಕೆಳಗೆ. ಚಿಕ್ಕವಳಿದ್ದಾಗ ಏರಿ ಹತ್ತಿ ನಿಂತರೆ ಎಷ್ಟೇ ನೀರು ತುಂಬಿದ್ದರೂ ಆಚೆ ದಡ ಕಂಡೇ ಕಾಣುತ್ತಿತ್ತು. ಆಚೆ ದಡವೇ ಇಲ್ಲದ ನೀರು ಇದೆ ಎಂದು ಯಾರೋ ಹೇಳಿದ್ದರು. ಅದು ಹೇಗಿರಬಹುದು ಎಂಬ ಕುತೂಹಲ ಐವತ್ತಾರು ವರ್ಷವಾದರೂ ಬಿಟ್ಟಿರಲಿಲ್ಲ. ಹೊಸದುರ್ಗದಲ್ಲಿರುವ ಮಗಳು ಭುವನಾ ಒಮ್ಮೆ ಫೋನಿನಲ್ಲಿ ಸಮುದ್ರ ತೋರಿಸಿದಾಗ, "ಅಂಗೈ ಅಗಲ ಐತೆ ಕಣೇ ಇದು. ನಾಲ್ಕೂ ಕಡೆ ದಡ ಐತೆ" ಎಂದು ಫೋನು ವಾಪಸು ಕೊಟ್ಟಿದ್ದಳು.

ಕಡೂರಿನಿಂದ ಮಂಗಳೂರಿಗೆ ಬಸ್ಸಿಲ್ಲವೇ? ಬೇಕಾದಷ್ಟಿವೆ. ಬೀದಿಯ ಹೆಂಗಸರೆಲ್ಲ ಸೇರಿ ಬಸ್ಸು ಮಾಡಿಕೊಂಡು ಧರ್ಮಸ್ಥಳ ನೋಡಿ, ಸಮುದ್ರದಲ್ಲಿ ಕಾಲು ತೊಳೆದು ಬಂದ ವರ್ಷ ತಿಮ್ಮಕ್ಕನೂ ಸೀರೆ ಮಡಿಸಿಟ್ಟುಕೊಂಡಿದ್ದಳು. ಬೀರಯ್ಯ ಬಿಡಲಿಲ್ಲ. "ಪಾಸಿರೋರು ಬಸ್ಸಲ್ಲಿ ದುಡ್ಡು ಕೊಟ್ಟು ಹೋದ್ರೆ ನಮ್ಮ ಹಳಿ ಗ್ಯಾಂಗಿನೋರು ಉಗೀತಾರೆ ಕಣೇ. ರಿಟೈರ್ ಆಗ್ಲಿ, ರೈಲಲ್ಲಿ ಕೂರಿಸ್ಕೊಂಡು ಹೋಗ್ತೀನಿ" ಎಂದ. ಹಾಗೆ ಹೇಳಿ ಒಂಬತ್ತು ವರ್ಷವಾಯಿತು. ಆ ಒಂಬತ್ತು ವರ್ಷದಲ್ಲಿ ತಿಮ್ಮಕ್ಕನ ಎಡಗಣ್ಣು ಹೋಯಿತು.

ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ ಅದು. ನೋವಿಲ್ಲ, ಕೆಂಪಿಲ್ಲ. ಸುತ್ತಲಿಂದ ಕತ್ತಲೆ ಮುಚ್ಚಿಕೊಂಡು ಬರುತ್ತದೆ. ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ ಶಿವಮೊಗ್ಗದ ಕಣ್ಣಿನ ಡಾಕ್ಟರು ನೋಡಿದಾಗ ಬಲಗಣ್ಣಿನಲ್ಲಿ ನಡುವೆ ಒಂದು ಕಿಂಡಿಯಷ್ಟು ನೋಟ ಉಳಿದಿತ್ತು. ಅವರು ಒಂದು ಹನಿಮದ್ದು ಬರೆದುಕೊಟ್ಟು, "ಇದನ್ನ ಒಂದು ದಿನಾನೂ ತಪ್ಪಿಸಬೇಡಿ. ಇದ್ದಷ್ಟು ಉಳಿಯಬಹುದು. ಹೋದದ್ದು ಮಾತ್ರ ಬರೋದಿಲ್ಲ ತಾಯಿ. ನೋಡೋದೇನಾದ್ರೂ ಇದ್ರೆ ಈಗಲೇ ನೋಡಿಬಿಡಿ" ಎಂದರು. ತಿಮ್ಮಕ್ಕ ಗಂಡನ ಕಡೆ ತಿರುಗಿದಳು. ಬೀರಯ್ಯನಿಗೆ ಆ ಹೊತ್ತು ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಊರಿಗೆ ಬಂದವನೇ ಓಡಾಡಿ ಎಲ್ಲ ಸಿದ್ಧ ಮಾಡಿದ. ಮಾರ್ಚ್ ಮೂವತ್ತೊಂದಕ್ಕೆ ನಿವೃತ್ತಿ. ಏಪ್ರಿಲ್ ಆರಕ್ಕೆ ಪ್ರಯಾಣ. ಅರಸೀಕೆರೆಯಲ್ಲಿ ಗಾಡಿ ಬದಲಾಯಿಸಿದರೆ ಹಾಸನ, ಸಕಲೇಶಪುರದ ಮೇಲೆ ನೇರ ಮಂಗಳೂರು. ತಿಮ್ಮಕ್ಕನಿಗೆ ಕಿಟಕಿ ಪಕ್ಕದ ಸೀಟು. ಮಾರ್ಚ್ ಮುಗಿಯುವ ಮೊದಲೇ ಕೊರೋನಾ ಬಂದು ದೇಶದ ರೈಲೆಲ್ಲ ನಿಂತವು. ಅವನ ಮೂವತ್ತನಾಲ್ಕು ವರ್ಷದ ಸೇವೆ ಒಂದು ಹಾರವೂ ಇಲ್ಲದೆ ಮುಗಿಯಿತು. ಸಾಹೇಬರು ಫೋನಿನಲ್ಲಿ ಒಳ್ಳೆಯದಾಗಲಿ ಎಂದರು. ಸುತ್ತಿಗೆಯನ್ನೂ ಹಸಿರು ಬಾವುಟವನ್ನೂ ಅವನ ಜಾಗಕ್ಕೆ ಬಂದ ಕಾಂತರಾಜುವಿಗೆ ಒಪ್ಪಿಸಿ ಸಹಿ ಹಾಕಿದ. ಕೆಂಪು ಬಾವುಟ ಮಾತ್ರ ಸೊಂಟದಲ್ಲೇ ಉಳಿದುಹೋಯಿತು. ಮರೆತದ್ದೆಂದು ಅವನು ಹೇಳುತ್ತಾನೆ. ಮೂವತ್ತನಾಲ್ಕು ವರ್ಷ ಒಂದು ಬೋಲ್ಟನ್ನೂ ಮರೆಯದವನು ಬಾವುಟ ಮರೆತನೆಂದರೆ ನಂಬುವವರು ನಂಬಲಿ.

ಏಪ್ರಿಲ್ ಆರರ ಬೆಳಿಗ್ಗೆ ತಿಮ್ಮಕ್ಕ ಎಂದಿನಂತೆ ಎದ್ದು, ಸ್ನಾನ ಮಾಡಿ, ಮಡಿಸಿಟ್ಟಿದ್ದ ಸೀರೆ ಉಟ್ಟು, ರೊಟ್ಟಿ ಚಟ್ನಿಪುಡಿ ಕಟ್ಟಿದ ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಬೀರಯ್ಯನಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಒಳಗೂ ಹೊರಗೂ ನಾಲ್ಕು ಸಲ ಓಡಾಡಿದ. ಕೊನೆಗೆ ಚಪ್ಪಲಿ ಮೆಟ್ಟಿದ.

"ಏಳು, ಹೋಗಣ."

"ಎಲ್ಲಿಗೆ?"

"ಮಂಗಳೂರಿಗೆ. ರೈಲಿಲ್ದಿದ್ರೆ ಬ್ಯಾಡ. ಹಳಿ ಐತಲ್ಲ."

ಅವನ ಲೆಕ್ಕ ಹೀಗಿತ್ತು. ಅಜ್ಜಂಪುರದಿಂದ ಸಮುದ್ರಕ್ಕೆ ಮುನ್ನೂರು ಚಿಲ್ಲರೆ ಕಿಲೋಮೀಟರ್. ದಿನಕ್ಕೆ ಹಳಿಯ ಪಕ್ಕದ ಕಾಲುದಾರಿಯಲ್ಲಿ ಮೂರು ಕಿಲೋಮೀಟರ್ ಹೋಗಿ, ಮೋರಿಯ ಹತ್ತಿರ ಕೂತು, ಮೂರು ಕಿಲೋಮೀಟರ್ ವಾಪಸು ಬರುವುದು. ದಿನಕ್ಕೆ ಆರರಂತೆ ಕೂಡುತ್ತ ಹೋದರೆ ಐವತ್ತು ದಿನಕ್ಕೆ ಮಂಗಳೂರು ಮುಟ್ಟುತ್ತೇವೆ. ಅಷ್ಟರಲ್ಲಿ ಈ ಹಾಳು ಕಾಯಿಲೆ ಹೋಗಿ ರೈಲು ಬಿಟ್ಟಿರುತ್ತಾರೆ. ಬಿಡದಿದ್ದರೆ ಸಮುದ್ರಕ್ಕೆ ಏನಾದರೂ ದಾರಿ ಹುಡುಕೋಣ. ತಿಮ್ಮಕ್ಕ ಗಂಡನ ಮುಖ ನೋಡಿ, ಕೊನೆಗೆ ನಕ್ಕಳು. "ನಿಮಗೆ ರಿಟೈರ್ ಆಗಿದ್ದು ತಲೆಗೇರೈತೆ" ಎಂದು ಚೀಲ ಎತ್ತಿಕೊಂಡಳು.

ಊರಿನವರಿಗೆ ಆಡಿಕೊಳ್ಳಲು ಬೇರೇನೂ ಇಲ್ಲದ ಕಾಲ ಅದು. ಗಂಡ ಹೆಂಡತಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ತಿಂಡಿ ಚೀಲ ಹಿಡಿದು ದಿನವೂ ಹಳಿಯ ಕಡೆ ಹೋಗುವುದನ್ನು ನೋಡಿ ಕಿಸಕ್ಕೆಂದರು. ಕಾಂತರಾಜು ಒಬ್ಬ ನಗಲಿಲ್ಲ. "ಅಣ್ಣ, ಗೂಡ್ಸ್ ಓಡಾಡ್ತಾವೆ, ನಿಮಗೆ ಹೇಳ್ಬೇಕಾ. ಅಕ್ಕನ್ನ ಹಳಿಯಿಂದ ಆಚೆ ಕಡೆ ಬಿಟ್ಕೊಳಿ" ಎಂದಷ್ಟೇ ಹೇಳಿ ತನ್ನ ಪಾಡಿಗೆ ಹೋದ.

ಐದನೆಯ ದಿನ ಬೀರೂರು ಬಂತು, ಆರನೆಯ ದಿನ ಕಡೂರು. ಬಂತೆಂದರೆ ಮೋರಿಯ ಕಟ್ಟೆಯೇ ಕಡೂರು. ಅಲ್ಲಿ ತಿಮ್ಮಕ್ಕನ ದೊಡ್ಡಮ್ಮನ ಮಗಳು ಕರಿಬಸಮ್ಮ ಇದ್ದಾಳೆಂದು ಇಬ್ಬರೂ ಖಾಲಿ ಹೊಲದ ಕಡೆ ಕೈ ಬೀಸಿದರು. ತಿಮ್ಮಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ "ಕಾಪಿ, ಬಿಸಿ ಕಾಪಿ" ಎಂದು ಸ್ಟೇಷನ್ನಿನವರ ಹಾಗೆ ಕೂಗಿ ಲೋಟ ಕೈಗಿತ್ತಳು. ಮನೆಗೆ ಬಂದು ಹಿತ್ತಿಲ ಬಾಗಿಲ ಪಕ್ಕದ ಗೋಡೆಗೆ ಸುಣ್ಣದ ಬೊಟ್ಟಿಟ್ಟಳು. ದಿನಕ್ಕೊಂದು ಬೊಟ್ಟು, ಸಾಲಾಗಿ. ಬೀರಯ್ಯ ತನ್ನ ಜೀವಮಾನದಲ್ಲಿ ಹೆಂಡತಿಯ ಜೊತೆ ಇಷ್ಟು ದೂರ ನಡೆದಿರಲಿಲ್ಲ, ಇಷ್ಟು ಮಾತಾಡಿರಲಿಲ್ಲ. ಇದನ್ನು ಮೊದಲೇ ಮಾಡಬಹುದಿತ್ತಲ್ಲ ಎಂದು ಅವನಿಗೆ ಪದೇ ಪದೇ ಅನ್ನಿಸಿತು.

ಕಡೂರು ದಾಟಿದ ಮಾರನೆಯ ದಿನ, ರೈಲು ನಿಲ್ಲುವ ಮೊದಲು ಮಾರ್ಚಿನಲ್ಲಿ ಶಿವಮೊಗ್ಗದಿಂದ ತಂದಿದ್ದ ಮದ್ದು ಮುಗಿಯಿತು.

ಅದು ತಂಪಿನಲ್ಲಿ ಇಡಬೇಕಾದ ಮದ್ದು. ಮನೆಯಲ್ಲಿ ಫ್ರಿಜ್ಜಿಲ್ಲ. ತಿಮ್ಮಕ್ಕ ಒಂದು ಕುಡಿಕೆಯಲ್ಲಿ ಒದ್ದೆ ಮರಳು ತುಂಬಿ, ಸೀಸೆಯನ್ನು ಅದರಲ್ಲಿ ಹುಗಿದಿಡುತ್ತಿದ್ದಳು. ಅಜ್ಜಂಪುರದ ಔಷಧಿ ಅಂಗಡಿಯಲ್ಲಿ ಆ ಮದ್ದಿರಲಿಲ್ಲ. ಬೀರಯ್ಯ ಟಿವಿಎಸ್ ಗಾಡಿ ಹತ್ತಿ ತರೀಕೆರೆಗೆ ಹೊರಟ. ದಾರಿಯಲ್ಲಿ ಹಗ್ಗ ಕಟ್ಟಿ ನಿಂತಿದ್ದ ಪೊಲೀಸರಲ್ಲಿ ಒಬ್ಬ, ಚೀಟಿ ತೋರಿಸಲು ಜೇಬಿಗೆ ಕೈ ಹಾಕುವ ಮೊದಲೇ ಮೀನಖಂಡದ ಮೇಲೆ ಲಾಠಿಯಿಂದ ಎರಡು ಬಿಟ್ಟ. ಚೀಟಿ ನೋಡಿದ ಮೇಲೆ "ಹೋಗಜ್ಜ, ಬೇಗ ಬಾ" ಎಂದ. ತರೀಕೆರೆಯ ಅಂಗಡಿಗಳಲ್ಲೂ ಮದ್ದಿರಲಿಲ್ಲ. ಶಿವಮೊಗ್ಗಕ್ಕೇ ಹೋಗಬೇಕು ಎಂದರು. ಅವನು ಕುಂಟಿಕೊಂಡು ಮನೆಗೆ ಬಂದಾಗ ಕಾಲು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

ತಿಮ್ಮಕ್ಕ ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಕಿಂಡಿಯಷ್ಟು ಉಳಿದಿದ್ದ ಕಣ್ಣನ್ನು ಅತ್ತಿತ್ತ ಆಡಿಸಿ ಬಾಸುಂಡೆಯನ್ನು ಉದ್ದಕ್ಕೂ ನೋಡಿದಳು. ಹರಳೆಣ್ಣೆ ಹಚ್ಚಿದಳು.

"ನಾಳೆ ಶಿವಮೊಗ್ಗಕ್ಕೆ ಹೋಗಿಬತ್ತೀನಿ" ಎಂದ ಬೀರಯ್ಯ.

"ಶಿವಮೊಗ್ಗಕ್ಕೆ ಎಷ್ಟು ಕಡೆ ಹಗ್ಗ ಕಟ್ಟವ್ರೋ. ಅಲ್ಲಿ ಆಸ್ಪತ್ರೆ ತುಂಬಾ ಕಾಯಿಲೆಯೋರಂತೆ. ನಿಮಗೂ ಉಬ್ಬಸ."

"ಮತ್ತೆ ಮದ್ದು?"

ಅವಳು ಎಣ್ಣೆಯ ಕೈ ಒರೆಸಿಕೊಂಡು ಎದ್ದಳು. ಮಾರನೆಯ ಬೆಳಿಗ್ಗೆ ಕುಡಿಕೆಯಿಂದ ಸೀಸೆ ತೆಗೆದು ಅಲ್ಲಾಡಿಸಿ ತೋರಿಸಿದಳು. "ನೋಡಿ, ಅವತ್ತು ಎರಡು ತಂದಿದ್ವಿ ಅನ್ನೋದೇ ಮರ್ತೋಗಿತ್ತು. ಟ್ರಂಕಿನಲ್ಲಿತ್ತು. ಇದು ಬೇಕಾದಷ್ಟು ದಿನ ಬತ್ತದೆ."

ಬೀರಯ್ಯನ ಜೀವ ತಂಪಾಯಿತು. ಒಂದು ಸೀಸೆ ಒಂದು ತಿಂಗಳಿಗೆ ಎಂದು ಡಾಕ್ಟರು ಹೇಳಿದ್ದು ಅವನಿಗೂ ಗೊತ್ತಿತ್ತು. ಎರಡು ಸೀಸೆ ತಂದ ನೆನಪು ಅವನಿಗೆ ಇರಲಿಲ್ಲ. ಆದರೆ ಕಾಲು ಸಿಡಿಯುತ್ತಿತ್ತು, ಹೋಗದೆ ಇರಲು ಒಂದು ನೆವ ಬೇಕಿತ್ತು, ಹೆಂಡತಿ ಅದನ್ನು ಕೈಗಿತ್ತಳು. ಅವನು ಕೇಳಬೇಕಾದ ಮಾತನ್ನು ಕೇಳಲಿಲ್ಲ. ಹಳಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡವನ ಕಥೆ ಇದು.

ಪ್ರಯಾಣ ಮುಂದುವರಿಯಿತು. ಹದಿಮೂರನೆಯ ದಿನ ಅರಸೀಕೆರೆ. ಗಾಡಿ ಬದಲಾಯಿಸಬೇಕೆಂದು ಹಳಿಯ ಬಲಗಡೆಯಿಂದ ಎಡಗಡೆಗೆ ದಾಟಿದರು. ಹಾಸನ ಬಂದ ದಿನ ತಿಮ್ಮಕ್ಕ ಮಗಳ ಮದುವೆಯ ಸೀರೆ ಉಟ್ಟಿದ್ದಳು. ಎದುರಿಗೆ ಸಿಕ್ಕಿದ ಕಾಂತರಾಜು ತನ್ನ ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟು, "ಒಂದು ಹೊಡಿಯಕ್ಕ" ಎಂದ. ಕ್ಲಿಪ್ಪಿನ ತಲೆಗೆ ಹೊಡೆದರೆ ಬಿಗಿಯಾಗಿದ್ದರೆ ಗಂಟೆಯ ದನಿ, ಸಡಿಲವಾಗಿದ್ದರೆ ಒಡಕು ದನಿ. ನಾಲ್ಕು ಹೊಡೆದಳು, ಐದನೆಯದಕ್ಕೆ ನಿಂತಳು. "ಇದು ಸರಿ ಇಲ್ಲ." ಕಾಂತರಾಜು ಬಗ್ಗಿ ನೋಡಿ, ಹೌದಲ್ಲ ಎಂದು ಬೆರಗಾದ. ಅದು ಬೀರಯ್ಯನಿಗೂ ಕೇಳಿಸಿರಲಿಲ್ಲ. "ಕೀಮನ್‌ ಹೆಂಡ್ತಿ ಕಣೋ" ಎಂದು ಅವನು ಎದೆಯುಬ್ಬಿಸಿದ. ಅವಳ ಕಿವಿ ಯಾಕಿಷ್ಟು ಚುರುಕಾಯಿತು ಎಂದು ಯೋಚಿಸಲಿಲ್ಲ.

ಸಕಲೇಶಪುರ ಬಂತು. ಅಲ್ಲಿಂದ ಮುಂದೆ ಘಾಟಿ. ಐವತ್ತಕ್ಕೂ ಹೆಚ್ಚು ಸುರಂಗಗಳಿವೆ ಎಂದು ಅಲ್ಲಿ ಕೆಲಸ ಮಾಡಿದ್ದ ಗ್ಯಾಂಗಿನವನೊಬ್ಬ ಹೇಳಿದ್ದು ಬೀರಯ್ಯನಿಗೆ ನೆನಪಿತ್ತು. ಆಟವೊಂದನ್ನು ಅವನೇ ಹೂಡಿದ. "ಸುರಂಗ ಬಂತು ಅಂದ ತಕ್ಷಣ ಕಣ್ಮುಚ್ಕೋ. ನಾನು ಕೈ ಹಿಡ್ಕೊಂಡಿರ್ತೀನಿ. ಐವತ್ತು ಹೆಜ್ಜೆ ಆದ್ಮೇಲೆ ಬೆಳಕು ಬತ್ತದೆ, ಕಣ್ಬಿಡು."

ದಿನಕ್ಕೆ ಐದಾರು ಸುರಂಗ. ತಿಮ್ಮಕ್ಕ ಆಟದಲ್ಲಿ ಗಟ್ಟಿ. ಕಣ್ಣು ಮುಚ್ಚಿ ಜಲ್ಲಿಯ ಅಂಚಿನಲ್ಲಿ ಒಂದು ಹೆಜ್ಜೆ ತಪ್ಪದೆ ನಡೆಯುತ್ತಿದ್ದಳು. ಸುರಂಗ ಶುರುವಾದ ಹತ್ತನೆಯ ದಿನ ಎಲ್ಲ ಮುಗಿದವೆಂದು ಬೀರಯ್ಯ ಹೇಳಿದ ಮೇಲೂ ಅವಳು ಅವನ ಕೈ ಬಿಡಲಿಲ್ಲ. "ಪೂರ್ತಿ ಮುಗೀತಾ?" ಎಂದು ಎರಡು ಸಲ ಕೇಳಿದಳು. ಆಮೇಲಿನ ದಿನಗಳಲ್ಲೂ ಕೈ ಹಿಡಿದೇ ನಡೆದಳು. ಮದುವೆಯಾದ ಹೊಸತರಲ್ಲೂ ಬೀದಿಯಲ್ಲಿ ಕೈ ಹಿಡಿಯದವಳು ಈಗ ಹಿಡಿಯುತ್ತಾಳಲ್ಲ ಎಂದು ಅರವತ್ತರ ಗಂಡಸು ಒಳಗೊಳಗೇ ಹಿಗ್ಗಿದ.

ಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿತ್ತು. ವಯಸ್ಸಾಯಿತು, ಮರೆವು ಎಂದುಕೊಂಡ. ಅಕ್ಕಿಯಲ್ಲಿ ಕಲ್ಲು ಆರಿಸಿಕೊಡಿ ಎಂದಳು. ಕೂತು ಕೂತು ನನಗೂ ಕೆಲಸ ಬೇಕಲ್ಲ ಎಂದು ಆರಿಸಿಕೊಟ್ಟ. ಗೋಡೆಯ ಮೇಲಿನ ಸುಣ್ಣದ ಬೊಟ್ಟುಗಳು ಮೂವತ್ತರವರೆಗೆ ಸಾಲಾಗಿದ್ದವು, ಆಮೇಲಿನವು ಒಂದರ ಮೇಲೊಂದು ಬಿದ್ದು ಮುದ್ದೆಯಾಗಿದ್ದವು. ಅದನ್ನು ಅವನು ನೋಡಿದ. ಗೋಡೆ ಹಾಳು ಮಾಡಬಾರದೆಂದು ಒಂದೇ ಕಡೆ ಇಡುತ್ತಿದ್ದಾಳೆ ಎಂದುಕೊಂಡ. ಮದ್ದು ಹಾಕ್ಕೊಂಡೆಯಾ ಎಂದು ಮಾತ್ರ ದಿನವೂ ಕೇಳುತ್ತಿದ್ದ. "ಹಾಕ್ಕೊಂಡೆ ಕಣ್ರೀ" ಎಂದು ಅವಳು ದಿನವೂ ಹೇಳುತ್ತಿದ್ದಳು. ಅಂಗಡಿಗಳೆಲ್ಲ ತೆರೆದ ಮೇಲೆ ಒಮ್ಮೆ, "ಇನ್ನೊಂದು ಸೀಸೆ ತರಿಸ್ಲಾ?" ಎಂದು ಕೇಳಿದ. "ಇನ್ನೂ ಐತೆ, ಅವಸರ ಇಲ್ಲ" ಎಂದಳು.

ಜೂನ್ ಮೊದಲ ವಾರ ಮಂಗಳೂರು ಮುಟ್ಟಿದರು. ರೈಲು ಬಿಟ್ಟಿರಲಿಲ್ಲ. ಮಂಗಳೂರಿನ ಕಡೆ ಕಾಯಿಲೆ ಜೋರು ಎಂದು ಸುದ್ದಿ. ಬೀರಯ್ಯ ತಾನು ಕೊಟ್ಟ ಮಾತು ತಪ್ಪುವ ಹಾಗಿರಲಿಲ್ಲ. ಎರಡು ದಿನ ಯೋಚಿಸಿ ಲಕ್ಕವಳ್ಳಿಯ ಡ್ಯಾಮು ನೆನಪು ಮಾಡಿಕೊಂಡ. ಬಹಳ ವರ್ಷಗಳ ಹಿಂದೆ ಮಳೆಗಾಲ ಮುಗಿದ ಮೇಲೆ ಅಲ್ಲಿಗೆ ಹೋಗಿದ್ದ. ಭದ್ರೆಯ ಹಿನ್ನೀರು ಗುಡ್ಡಗಳ ಸಂದಿಯಲ್ಲೆಲ್ಲ ತುಂಬಿಕೊಂಡು, ಮೋಡ ಕವಿದ ಹೊತ್ತಿನಲ್ಲಿ ಆಚೆ ದಡ ಕಂಡಿರಲಿಲ್ಲ. ಅಷ್ಟಾದರೂ ತೋರಿಸೋಣ. ಕಿಂಡಿಯಷ್ಟು ಕಣ್ಣಿಗೆ ಅದು ಸಮುದ್ರವೇ.

"ನಾಳೆ ಸಮುದ್ರ" ಎಂದ. ತಿಮ್ಮಕ್ಕ ಒಂದು ಗಳಿಗೆ ತಡೆದು, "ಆಗ್ಲಿ" ಎಂದಳು.

ಬೆಳಿಗ್ಗೆ ಗಾಡಿಯ ಹಿಂದೆ ಕೂತಳು, ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದಳು. ದಾರಿಯುದ್ದಕ್ಕೂ ಈಗ ಎಲ್ಲಿದ್ದೀವಿ, ಈಗ ಎಲ್ಲಿದ್ದೀವಿ ಎಂದು ಕೇಳಿದಳು. ಒಂದು ಕಡೆ, "ಇಲ್ಲೇನಾ ನಿಮಗೆ ಹೊಡೆದದ್ದು?" ಎಂದಳು. ಆ ಜಾಗ ದಾಟಿ ಎರಡು ಮೈಲಿಯಾಗಿತ್ತು. "ಹೂಂ, ಇಲ್ಲೇ ಎಲ್ಲೋ" ಎಂದ ಬೀರಯ್ಯ. ತರೀಕೆರೆಯಲ್ಲಿ ಬಾಗಿಲು ಅರ್ಧ ತೆರೆದ ಹೋಟೆಲಿನ ಹೊರಗೆ ನಿಂತು ಕಾಫಿ ಕುಡಿದು ಲಕ್ಕವಳ್ಳಿಗೆ ಹೋದರು.

ಡ್ಯಾಮಿನ ಗೇಟಿನಲ್ಲಿ ಕಾವಲುಗಾರ ತಡೆದ. "ಕೊರೋನಾ ಕಣಣ್ಣ, ಒಳಗೆ ಯಾರ್ನೂ ಬಿಡಂಗಿಲ್ಲ." ಅಜ್ಜಂಪುರದಿಂದ ಬಂದದ್ದು, ಹೆಂಡತಿಯ ಕಣ್ಣಿನ ವಿಷಯ, ಎಲ್ಲ ಕೇಳಿದ ಮೇಲೆ ದನಿ ಇಳಿಸಿ, ಒಂದಷ್ಟು ದೂರ ಹಿಂದೆ ಹೋದರೆ ದನ ಮೇಯಿಸುವವರ ಕಾಲುದಾರಿಯೊಂದು ಹಿನ್ನೀರಿಗೆ ಇಳಿಯುತ್ತದೆ ಎಂದ. "ನೀರೇನೂ ಅಷ್ಟಿಲ್ಲ ಈಗ" ಎಂದೂ ಹೇಳಿದ. ಗಾಡಿ ಚಾಲೂ ಮಾಡುವ ಗಡಿಬಿಡಿಯಲ್ಲಿ ಬೀರಯ್ಯ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಗಾಡಿಯನ್ನು ಮರದ ಕೆಳಗೆ ನಿಲ್ಲಿಸಿ, ಹೆಂಡತಿಯ ಕೈ ಹಿಡಿದು ದಾರಿ ಇಳಿದ. ಕೊನೆಯ ತಿರುವು ದಾಟಿದಾಗ ಅವನ ಕಾಲು ತಾನಾಗಿಯೇ ನಿಂತಿತು. ನೀರಿರಲಿಲ್ಲ. ಮಳೆ ಇನ್ನೂ ಹಿಡಿದಿರಲಿಲ್ಲ, ಬೇಸಿಗೆಯೆಲ್ಲ ನಾಲೆಗೆ ಬಿಟ್ಟು ನೀರು ಎಲ್ಲೋ ಹಿಂದಕ್ಕೆ ಸರಿದಿತ್ತು. ಎದುರಿಗೆ ಬಿರಿದ ಕೆಸರು. ಯಾವ ಕಾಲದಲ್ಲೋ ಮುಳುಗಿದ್ದ ಮರಗಳ ಮೋಟುಗಳು ಕಪ್ಪಗೆ ಎದ್ದು ನಿಂತಿದ್ದವು. ಬಲಗಡೆ ಹಸಿರು ಹುಲ್ಲಿನಲ್ಲಿ ಎಮ್ಮೆಗಳು ಮೇಯುತ್ತಿದ್ದವು. ನೀರು ತೀರ ದೂರದಲ್ಲಿ, ಗುಡ್ಡದ ಬುಡದಲ್ಲಿ ಒಂದು ಪಟ್ಟಿಯಷ್ಟು ಹೊಳೆಯುತ್ತಿತ್ತು. ಮುನ್ನೂರು ಕಿಲೋಮೀಟರ್ ನಡೆಸಿಕೊಂಡು ಬಂದು ತೋರಿಸುವುದು ಇದನ್ನೇ? ಹೇಗೆ ಹೇಳಲಿ ಎಂದು ಅವನು ಯೋಚಿಸುತ್ತಿರುವಾಗ ತಿಮ್ಮಕ್ಕ ಮುಖಕ್ಕೆ ಕಟ್ಟಿದ್ದ ಬಟ್ಟೆ ಕೆಳಗೆಳೆದು, ಬೀಸಿ ಬರುತ್ತಿದ್ದ ಗಾಳಿಗೆ ಮುಖ ಕೊಟ್ಟಳು.

"ಅಬ್ಬಾ, ಏನ್ ನೀರು ಕಣ್ರೀ" ಎಂದಳು. "ಆ ಕಡೆ ದಡಾನೇ ಕಾಣಾಕಿಲ್ಲ."

ತನ್ನ ಮನಸ್ಸು ನೋಯಿಸಬಾರದೆಂದು ಹಾಗೆ ಹೇಳುತ್ತಿದ್ದಾಳೆ ಎಂದು ಬೀರಯ್ಯ ಮೊದಲು ಅಂದುಕೊಂಡ. ಅವಳು ಕೈ ಎತ್ತಿ ಎಮ್ಮೆಗಳು ಮೇಯುತ್ತಿದ್ದ ಕಡೆ ತೋರಿಸಿದಳು. "ಅಲ್ಲಿ ಬಿಳೀ ನೊರೆ ಹೆಂಗ್ ಬತ್ತಾ ಐತೆ ನೋಡಿ. ಅದೇ ಅಲ್ವಾ ಅಲೆ ಅಂದ್ರೆ." ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ಗಂಡನನ್ನು ಸಂತೋಷಪಡಿಸಲೇಬೇಕೆಂದು ಹಟ ಹಿಡಿದ ಮುಖ ಅದು.

ಬೀರಯ್ಯನಿಗೆ ಸುಣ್ಣದ ಬೊಟ್ಟುಗಳ ಮುದ್ದೆ, ಉಪ್ಪು, ಅಕ್ಕಿಯ ಕಲ್ಲು, ಕೈ ಹಿಡಿದು ನಡೆದದ್ದು, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಅವಳ ಕೈ ಬಿಡಿಸಿಕೊಂಡು, ಸದ್ದಾಗದಂತೆ ನಾಲ್ಕು ಹೆಜ್ಜೆ ಮುಂದೆ ಹೋಗಿ ಎದುರಿಗೆ ನಿಂತ. ಅಭ್ಯಾಸಬಲದಿಂದ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದ ಕೆಂಪು ಬಾವುಟ ತೆಗೆದು, ಎರಡೂ ಕೈಯಲ್ಲಿ ಅಗಲಿಸಿ ಅವಳ ಮುಖದ ಮಟ್ಟಕ್ಕೆ ಹಿಡಿದ. ಬಿಸಿಲು ಅದರ ಮೇಲೆ ನೇರ ಬಿದ್ದಿತ್ತು.

"ಒಂಚೂರು ಮುಂದಕ್ಕೆ ಬಾರೇ" ಎಂದ.

ತಿಮ್ಮಕ್ಕ ಬಂದಳು. "ದೂರದಲ್ಲಿ ಒಂದು ದೋಣಿ ಹೋಗ್ತಾ ಐತೆ" ಎನ್ನುತ್ತ, ನಗುತ್ತ, ಕಣ್ಣು ತೆರೆದುಕೊಂಡೇ ಬಂದಳು. ಮೂವತ್ತನಾಲ್ಕು ವರ್ಷದಲ್ಲಿ ಒಂದು ಗಾಡಿಯೂ ಬೀರಯ್ಯನ ಕೆಂಪು ಬಾವುಟ ದಾಟಿ ಬಂದಿರಲಿಲ್ಲ. ಅವನ ಹೆಂಡತಿ ಬಂದು ಬಾವುಟಕ್ಕೆ ಮುಖ ತಗುಲಿಸಿದಳು.

ಬಟ್ಟೆ ಮೂಗಿಗೆ ತಾಗಿದ ಕೂಡಲೇ ಅವಳಿಗೂ ಗೊತ್ತಾಯಿತು. ನಗು ನಿಂತಿತು. ಎಮ್ಮೆಯೊಂದು ಕೂಗಿತು.

"ಯಾವಾಗಿಂದ?" ಎಂದ ಬೀರಯ್ಯ.

"ಹಾಸನದಲ್ಲೇ ಮಬ್ಬಾಗಿತ್ತು. ಆಮೇಲೆ ಸುರಂಗ ಬಂದ್ವಲ್ಲ. ಕಣ್ಮುಚ್ಕೋ ಅಂದ್ರಿ, ಮುಚ್ಕೊಂಡೆ. ಐವತ್ತು ಹೆಜ್ಜೆ ಆದ್ಮೇಲೆ ಬೆಳಕು ಬತ್ತದೆ, ಕಣ್ಬಿಡು ಅಂದ್ರಿ. ಒಂದಿನ ಬಿಟ್ಟೆ. ಬರ್ಲಿಲ್ಲ."

"ಮದ್ದು ಹಾಕ್ಕೋತಿದ್ದೆ ಅಂದ್ಯಲ್ಲೇ."

"ಕಾಯ್ಸಿ ಆರಿಸಿದ ನೀರು ಅದು. ಹಳೇ ಸೀಸೇಲಿ ತುಂಬಿದ್ದೆ." ಅವಳ ದನಿ ಶಾಂತವಾಗಿತ್ತು. "ನಿಮ್ಮ ಕಾಲು ನೋಡಿದೆ ಅವತ್ತು. ನನ್ನ ಕಣ್ಣಿಗೋಸ್ಕರ ಅಲ್ವಾ ಹೊಡೆಸ್ಕೊಂಡಿದ್ದು. ಶಿವಮೊಗ್ಗಕ್ಕೆ ಹೋದ್ರೆ ನೀವು ವಾಪಸ್ ಬತ್ತೀರೋ ಇಲ್ವೋ ಅಂತ ಹೆದರಿಕೆ ಆಯ್ತು. ಕಣ್ಣಿಲ್ದೆ ಹೆಂಗೋ ಬದುಕ್ಬೋದು ಅನ್ನಿಸ್ತು."

"ಕಾಂತರಾಜುಗೆ ಒಂದು ಮಾತು ಹೇಳಿದ್ರೆ ಗೂಡ್ಸಿನ ಗಾರ್ಡ್ ಕೈಲಿ ಶಿವಮೊಗ್ಗದಿಂದ ತರಿಸ್ಕೊಡ್ತಿದ್ನಲ್ಲೇ. ಬೆಳಿಗ್ಗೆ ಹೇಳಿದ್ರೆ ಸಂಜೆಗೆ ಬತ್ತಿತ್ತು."

ತಿಮ್ಮಕ್ಕನಿಗೆ ಅದು ಹೊಳೆದಿರಲಿಲ್ಲ. ಬೀರಯ್ಯನಿಗೂ ಅವತ್ತು ಹೊಳೆದಿರಲಿಲ್ಲ. ಹೊಳೆಯಬೇಕಾದದ್ದು ಅವನಿಗೇ. ದಿನವೂ ಹಳಿಯ ಮೇಲೆ ಗೂಡ್ಸ್ ಗಾಡಿಗಳು ಹೊಸದುರ್ಗದ ಕಡೆಯಿಂದಲೂ, ಶಿವಮೊಗ್ಗದ ಹಳಿ ಬಂದು ಸೇರುವ ಬೀರೂರಿನ ಕಡೆಯಿಂದಲೂ ಅವರ ಪಕ್ಕದಲ್ಲೇ ಹಾದುಹೋಗಿದ್ದವು. ಇಬ್ಬರೂ ನಿಂತು ಗಾರ್ಡಿಗೆ ಕೈ ಬೀಸಿದ್ದರು. ಬೀರಯ್ಯ ಕೆಸರಿನ ಮೇಲೆ ಕುಕ್ಕುರುಗಾಲಲ್ಲಿ ಕೂತು ಅತ್ತ. ಒಂಬತ್ತು ವರ್ಷದ ಹಿಂದಿನ ಬಸ್ಸು ನೆನೆದು ಅತ್ತ, ಮದ್ದಿನ ಸೀಸೆ ಎಣಿಸದ ತನ್ನ ಬುದ್ಧಿಗೆ ಅತ್ತ. ಅವಳು ಕೈ ತಡಕಿ ಅವನ ತಲೆ ಹುಡುಕಿ, ಅದರ ಮೇಲೆ ಕೈ ಇಟ್ಟಳು.

"ಮೊದಲೇ ಯಾಕೆ ಹೇಳ್ಲಿಲ್ಲ ತಿಮ್ಮಿ?"

"ಹೇಳಿದ್ರೆ ನೀವು ಪ್ರಯಾಣ ನಿಲ್ಲಿಸ್ಬಿಡ್ತಿದ್ರಿ. ನನಗೆ ಎಲ್ಲಿಗಾದ್ರೂ ಹೋಗ್ಬೇಕಿತ್ತು."

ಬಿಸಿಲು ಏರಿತು. ಅವನು ಮೂಗು ಒರೆಸಿಕೊಂಡು ಎದ್ದ ಮೇಲೆ ಅವಳು ಕೇಳಿದಳು: "ಈಗ ನಿಜ ಹೇಳಿ. ಎದುರಿಗೆ ಏನೈತೆ? ನೀವು ಹಳಿ ನೋಡಿ ಡೈರೀಲಿ ಬರೀತಿದ್ರಲ್ಲ, ಹಂಗೆ ಹೇಳಿ. ಸೇರಿಸ್ಬೇಡಿ, ಬಿಡ್ಬೇಡಿ."

ಬೀರಯ್ಯ ಹೇಳಿದ. ಕೆಸರು, ಒಣಗಿ ಬಿರಿದದ್ದು. ಎಡಕ್ಕೆ ಮರದ ಮೋಟು ಹದಿನಾಲ್ಕು. ಬಲಕ್ಕೆ ಹುಲ್ಲು, ಎಮ್ಮೆ ಆರು. ಒಂದು ಒಡೆದ ತೆಪ್ಪ, ಬೋರಲು ಬಿದ್ದದ್ದು. ನೀರು ಬಹಳ ದೂರ, ಗುಡ್ಡದ ಬುಡಕ್ಕೆ.

"ಆ ಕಡೆ ದಡ?"

"ಕಾಣ್ತದೆ."

ಅವಳು ತಲೆಯಾಡಿಸಿದಳು. ಗಾಳಿಗೆ ಹಾರುತ್ತಿದ್ದ ಸೆರಗನ್ನು ಎಳೆದು ಸಿಕ್ಕಿಸಿಕೊಂಡಳು. ಅವನ ಕೈಯಲ್ಲಿ ಇನ್ನೂ ನೇತಾಡುತ್ತಿದ್ದ ಬಟ್ಟೆ ಅವಳ ಬೆರಳಿಗೆ ತಾಗಿತು. ಅದನ್ನು ಹಿಡಿದು, ಅಂಚಿನ ಹೊಲಿಗೆಯನ್ನು ಮುಟ್ಟಿ ಮುಟ್ಟಿ ನೋಡಿದಳು.

"ಇದು ಕೆಂಪ್ದೋ, ಹಸಿರ್ದೋ?"

ಹಸಿರು ಎಂಬ ಮಾತು ಬೀರಯ್ಯನ ನಾಲಿಗೆಯ ತುದಿಗೆ ಬಂತು. ಹಸಿರು ಎಂದರೆ ಅವಳು ನಂಬುತ್ತಿದ್ದಳು. ಕೆಸರು ದಾಟಿಸಿ, ನೀರಿನ ತನಕ ಕರೆದುಕೊಂಡು ಹೋಗಿ, ಇದೇ ನೋಡು ಅಲೆ ಎನ್ನಬಹುದಿತ್ತು.

"ಕೆಂಪು" ಎಂದ.

"ಹಂಗಾದ್ರೆ ಇಲ್ಲಿಗೆ ಸಾಕು" ಎಂದಳು ತಿಮ್ಮಕ್ಕ, ಮತ್ತು ಅಲ್ಲೇ ನಿಂತಳು.